ಉಕ್ಕಿನೂರಿನಲ್ಲಿ ರಕ್ತದ ಬರ

ಪ್ರಶ್ನೆ: ನಾವು ಐದು ಮಂದಿ ಗೆಳೆಯರು ವಾರಕ್ಕೊಮ್ಮೆ ಸೇರಿ, 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಎಂಬ ರೋಲ್‌ಪ್ಲೇಯಿಂಗ್ ಆಟವನ್ನು ಆಡುತ್ತೇವೆ; ಅದರಲ್ಲಿ ಒಬ್ಬರು ಕಥೆ ನಡೆಸಿದರೆ, ಉಳಿದವರು ಮನುಷ್ಯರ ನಡುವೆ ಗುಟ್ಟಾಗಿ ಬಾಳುವ ರಕ್ತಪಿಶಾಚಿಗಳ ಪಾತ್ರ ವಹಿಸುತ್ತಾರೆ. ಈ ಸಲ ಕಥೆ ನಡೆಸುವ ಸರದಿ ನನ್ನದು. ಆಟದ ಹಳೆಯ ಕಥಾನಕವೊಂದು ಇಂಡಿಯಾನಾ ರಾಜ್ಯದ ಗ್ಯಾರಿ ಎಂಬ ಉಕ್ಕಿನ ಊರಿನಲ್ಲಿ ಆರಂಭವಾಗುತ್ತದೆ. ಹತ್ತಿರದಲ್ಲೇ ಷಿಕಾಗೊ ಇರುವಾಗ ಸೊರಗಿದ ಕಾರ್ಖಾನೆಯೂರನ್ನು ಆರಿಸಿಕೊಳ್ಳುವುದರಲ್ಲಿ ಏನು ಸ್ವಾರಸ್ಯ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸ್ವಾರಸ್ಯವಿರುವುದು ಆ ಸೊರಗಿನಲ್ಲಿಯೇ. ಆಟದ ಲೆಕ್ಕದ ಪ್ರಕಾರ ಸುಮಾರು ಒಂದು ಲಕ್ಷ ಜನರ ನಡುವೆ ಒಬ್ಬ ರಕ್ತಪಿಶಾಚಿ ಮಾತ್ರ ಗುಟ್ಟು ರಟ್ಟಾಗದಂತೆ ಹೊಟ್ಟೆ ಹೊರೆಯಬಲ್ಲ. 1960ರ ಜನಗಣತಿಯಲ್ಲಿ 1,78,320 ಇದ್ದ ಗ್ಯಾರಿಯ ಜನಸಂಖ್ಯೆ 1990ರಲ್ಲಿ 1,16,646ಕ್ಕೆ ಇಳಿದಿತ್ತು. ಎಂದರೆ, ಆಟ ಹೊರಬಂದ ಕಾಲಕ್ಕೆ ಆ ಊರಿನ ರಕ್ತ ಒಬ್ಬನಿಗಷ್ಟೇ ಸಾಲುತ್ತಿತ್ತು; ಆ ಒಬ್ಬನ ಸ್ಥಾನದಲ್ಲಿ ಕಥಾನಕದ ಮೋಡಿಯಸ್ ಎಂಬ ಪ್ರಿನ್ಸ್, ಅಂದರೆ ಊರನ್ನಾಳುವ ರಕ್ತಪಿಶಾಚಿ, ಆಗಲೇ ಕುಳಿತಿದ್ದಾನೆ. ಅದೇ ಲೆಕ್ಕದಲ್ಲಿ ಷಿಕಾಗೊ 27 ಮಂದಿಯನ್ನು ಸಾಕಬಲ್ಲದು. ಹೀಗಾಗಿ ನಿಮ್ಮ ಗೆಳೆಯರ ಪಾತ್ರಗಳು ಊರಿನೊಳಗೆ ಕಾಲಿಟ್ಟೊಡನೆಯೇ, ಏನೂ ಮಾಡದೆಯೇ, ಮತ್ತೊಬ್ಬನ ತಟ್ಟೆಗೆ ಕೈ ಹಾಕಿದಂತಾಗುತ್ತದೆ. ಕಥೆಯನ್ನು ಇಂದಿನ ಕಾಲಕ್ಕೆ ತಂದರೆ ಇಕ್ಕಟ್ಟು ಇನ್ನೂ ಬಿಗಿಯಾಗುತ್ತದೆ, ಏಕೆಂದರೆ 2020ರ ಗಣತಿಯ 69,093 ಜನ ಒಬ್ಬನಿಗೂ ಸಾಲರು.

ಎರಡನೆಯದು ಬೆಂಕಿ. ಮಿಷಿಗನ್ ಸರೋವರದ ದಕ್ಷಿಣ ದಡದ ಮರಳುದಿಬ್ಬಗಳ ಮೇಲೆ 1906ರಲ್ಲಿ ಯು.ಎಸ್. ಸ್ಟೀಲ್ ಕಂಪನಿ ತನ್ನ ಕಾರ್ಖಾನೆಗಾಗಿಯೇ ಕಟ್ಟಿಸಿ, ತನ್ನ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯ ಹೆಸರಿಟ್ಟ ಊರು ಅದು. ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ಊದುಕುಲುಮೆಯನ್ನು ಸಂಜೆಗೊಮ್ಮೆ ಆರಿಸಿ ಬೆಳಗ್ಗೆ ಹೊತ್ತಿಸಲಾಗದು. ಆದ್ದರಿಂದ ರಾತ್ರಿಪಾಳಿಯ ಕಾರ್ಮಿಕರು ಎಚ್ಚರವಾಗಿರುತ್ತಾರೆ, ಬೇಟೆಗಾರನಿಗೆ ಬೇಕಾದ ಹೊತ್ತಿನಲ್ಲೇ ಗೇಟಿನಿಂದ ಹೊರಬರುತ್ತಾರೆ. ಆದರೆ ಈ ಆಟದಲ್ಲಿ ರಕ್ತಪಿಶಾಚಿಗೆ ಬಿಸಿಲಿನಷ್ಟೇ ಬೆಂಕಿಯೂ ಮಾರಕ, ಅದನ್ನು ಕಂಡರೆ ಬುದ್ಧಿ ಕದಡಿ ಓಟ ಕೀಳುವ ಭಯವೂ ಉಂಟು. ಅನ್ನವಿರುವ ಕಡೆಯೇ ಕುಲುಮೆಯೂ ಇದೆ. ಆಟಗಾರರೆಲ್ಲ ಗ್ಯಾರಿಯ 1926ರ ಸಿಟಿ ಮೆಥಡಿಸ್ಟ್ ಚರ್ಚಿನ ಪಾಳುಗೋಡೆಗಳತ್ತ ಓಡುತ್ತಾರೆ. 1975ರಲ್ಲಿ ಮುಚ್ಚಿದ ಆ ಕಟ್ಟಡ ನೋಡಲು ಭವ್ಯವೇ, ಆದರೆ ಅಲ್ಲಿ ಮನುಷ್ಯರಿಲ್ಲ. ನನ್ನ ಮಟ್ಟಿಗೆ ಮೊದಲ ದೃಶ್ಯ ನಡೆಯಬೇಕಾದದ್ದು ಕಾರ್ಖಾನೆಯ ಗೇಟಿನ ಎದುರು.

ಹಿರಿಯ ರಕ್ತಪಿಶಾಚಿಯೊಬ್ಬ ಬೇಕಿದ್ದರೆ, 1919ರ ಉಕ್ಕು ಮುಷ್ಕರವನ್ನು ಅಡಗಿಸಲು ಕೇಂದ್ರ ಸರ್ಕಾರದ ಸೈನ್ಯ ಗ್ಯಾರಿಗೆ ಬಂದುದನ್ನು ಕಣ್ಣಾರೆ ಕಂಡವನನ್ನು ಸೃಷ್ಟಿಸಿ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಊರು ಬಡವಾದದ್ದಕ್ಕೆ ರಕ್ತಪಿಶಾಚಿಗಳನ್ನು ಕಾರಣ ಮಾಡಬೇಡಿ. ಕೆಲಸಗಳು ಹೋದದ್ದೂ ಬಿಳಿಯರು ಉಪನಗರಗಳಿಗೆ ವಲಸೆ ಹೋದದ್ದೂ ಮನುಷ್ಯರ ತೀರ್ಮಾನಗಳಿಂದ. ಅದನ್ನು ಪಿಶಾಚಿಯ ತಲೆಗೆ ಕಟ್ಟಿದರೆ, ಇಂದಿಗೂ ಅಲ್ಲಿ ಬಾಳುತ್ತಿರುವ, ಬಹುಪಾಲು ಕರಿಯರಾದ ಜನರ ಅನುಭವ ಬರಿಯ ಹಿನ್ನೆಲೆ ಪರದೆಯಾಗಿ ಉಳಿಯುತ್ತದೆ. ನಿಮ್ಮ ಪಿಶಾಚಿಗಳು ಆ ತೀರ್ಮಾನಗಳನ್ನು ತಡೆಯಲಾಗದೆ, ತಮ್ಮ ಆಹಾರ ರೈಲು ಹತ್ತಿ ಹೋಗುವುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಲಿ.