ಸಿಲಿಕಾ ದ್ರಾವಣದಲ್ಲಿ ಅದ್ದಿದ ಕೆವ್ಲಾರ್ ಬಟ್ಟೆಯನ್ನು ಕಾಲೇಜಿನಲ್ಲೇ ಪರೀಕ್ಷಿಸುವುದು ಹೇಗೆ?

ಸಿಲಿಕಾ ಪುಡಿ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರವ ಬೆರೆಸಿದ, ಜೋರು ಪೆಟ್ಟಿಗೆ ಗಟ್ಟಿಯಾಗುವ ದ್ರಾವಣದಲ್ಲಿ ಅದ್ದಿದ ನಾಲ್ಕು ಪದರ ಕೆವ್ಲಾರ್ (ರಕ್ಷಣಾ ಕವಚಗಳಿಗೆ ಬಳಸುವ ಗಟ್ಟಿ ನಾರಿನ ಬಟ್ಟೆ), ಅದ್ದದ ನಾಲ್ಕು ಪದರಕ್ಕಿಂತ ಚೆನ್ನಾಗಿ ಚಾಕು ತಡೆಯಿತು, ಪ್ರಾಜೆಕ್ಟ್‌ಗೆ ಇಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೊದಲು ಎರಡನ್ನೂ ತಕ್ಕಡಿಗೆ ಹಾಕಿ. ಅದ್ದಿದ ಬಟ್ಟೆ ಜಾಸ್ತಿ ತೂಗುತ್ತದೆ. ಆ ಹೆಚ್ಚಿನ ತೂಕಕ್ಕೆ ಸುಮ್ನೆ ಇನ್ನೊಂದು ಪದರ ಕೆವ್ಲಾರ್ ಹಾಕಬಹುದಿತ್ತು, ಅಲ್ವಾ? ಸಮ ತೂಕದಲ್ಲಿ ಗೆದ್ದರೆ ಮಾತ್ರ ದ್ರಾವಣ ಗೆದ್ದಂತೆ. ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿದ್ದೇನೆ, ವೈವಾದಲ್ಲಿ ನಾನು ಮೊದಲು ಕೇಳುವುದು ಇದನ್ನೇ.

ಚಾಕು ಕಟ್ಟಿದ ತೂಕವನ್ನು ಬಟ್ಟೆಯ ಮೇಲೆ ಬೀಳಿಸುವ ಸ್ಟ್ಯಾಂಡ್ ಇಲ್ಲವೆಂದು ಚಿಂತೆ ಬೇಡ. ಗೋಕುಲ ರೋಡ್‌ನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಫ್ಯಾಬ್ರಿಕೇಶನ್‌ನವರಿಗೆ ಚಿತ್ರ ಬರೆದುಕೊಟ್ಟರೆ ಮಾಡಿಕೊಡುತ್ತಾರೆ. ಚಾಕು ಸೇರಿ 2 ಕೆಜಿ ತೂಕ 1.25 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 24.5 ಜೂಲ್. ಅಮೆರಿಕದ ಎನ್‌ಐಜೆ (ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಜಸ್ಟಿಸ್) 0115 ಮಾನದಂಡದಲ್ಲಿ ಚಾಕು ಪರೀಕ್ಷೆಯ ಮೊದಲ ಹಂತ 24 ಜೂಲ್. ಅಲ್ಲಿ ಚಾಕುವಿನ ತುದಿ ಬಟ್ಟೆಯ ಹಿಂದೆ 7 ಮಿ.ಮೀ. ದಾಟಬಾರದು. ಆದರೆ ತೂಕ ಜಾರಿ ಬರುವ ಕಂಬಿಯ ಘರ್ಷಣೆಯಲ್ಲಿ ಒಂದಿಷ್ಟು ಶಕ್ತಿ ಹೋಗುತ್ತದೆ. ಹಾಗಾಗಿ ಲೆಕ್ಕವನ್ನಷ್ಟೇ ನಂಬದೆ, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಬೀಳುವ ವೇಗ ಅಳೆಯಿರಿ. ಸೆಕೆಂಡಿಗೆ 5 ಮೀಟರ್ ಹತ್ತಿರ ಬರಬೇಕು. ಪ್ರತಿ ಪೆಟ್ಟಿಗೂ ಹೊಸ ಬ್ಲೇಡ್ ಹಾಕಿ. ಮೊಂಡಾದ ಬ್ಲೇಡ್‌ನಿಂದ ಎಂಥ ಬಟ್ಟೆಯೂ ಪಾಸಾಗುತ್ತದೆ!

ರಿಪೋರ್ಟ್‌ನಲ್ಲಿ "ಬುಲೆಟ್‌ಪ್ರೂಫ್" ಎಂದು ಮಾತ್ರ ಬರೆಯಬೇಡಿ. 9 ಎಂ.ಎಂ. ಗುಂಡು ಸೆಕೆಂಡಿಗೆ 350 ಮೀಟರ್‌ಗೂ ಮೇಲೆ ಬರುತ್ತದೆ, ಆ ಕಥೆಯೇ ಬೇರೆ.

ನನ್ನ ಕೇಳಿದರೆ ಈ ಚಾಕು ಪರೀಕ್ಷೆಗಿಂತ ಒಳ್ಳೆಯ ಪರೀಕ್ಷೆ ನಿಮ್ಮ ಲ್ಯಾಬ್‌ನಲ್ಲೇ ಇದೆ. ಯುಟಿಎಂನಲ್ಲಿ (ವಸ್ತುವನ್ನು ಎಳೆದು ಬಲ ಅಳೆಯುವ ಯಂತ್ರ) ಬಟ್ಟೆಯಿಂದ ಒಂದೇ ಒಂದು ನೂಲನ್ನು ಎಳೆದು ತೆಗೆಯಿರಿ, ಆದರೆ ಸಣ್ಣ ಬಲವನ್ನೂ ಅಳೆಯುವ ಲೋಡ್ ಸೆಲ್ (ಯಂತ್ರದ ಬಲ ಅಳೆಯುವ ಭಾಗ) ಬೇಕು. ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ. ಪೆಟ್ಟು ಬಿದ್ದಾಗ ನೂಲುಗಳು ಸರಿದು ದಾರಿ ಬಿಡುವುದರಿಂದಲೂ ಚೂಪು ತುದಿ ಒಳಗೆ ನುಗ್ಗುತ್ತದೆ. ಜೋರು ಎಳೆತಕ್ಕೆ ದ್ರಾವಣ ಗಟ್ಟಿಯಾಗಿ ನೂಲನ್ನು ಹಿಡಿದುಕೊಂಡರೆ ಗ್ರಾಫ್‌ನಲ್ಲಿ ಬಲ ಏರಿದ್ದು ಕಾಣುತ್ತದೆ. ಎರಡೂ ವೇಗಕ್ಕೆ ಬಲ ಅಷ್ಟೇ ಇದ್ದರೆ, ಬರೀ ಪುಡಿಯ ಒರಟುತನ ಕೆಲಸ ಮಾಡಿರಬಹುದು. ಅದನ್ನು ತಿಳಿಯಲು ಒಣ ಸಿಲಿಕಾ ಹಚ್ಚಿದ ಒಂದು ತುಂಡನ್ನೂ ಎಳೆದು ನೋಡ್ರಿ.

ಇನ್ನೊಂದು ವಿಷಯ, ಗ್ಲೈಕಾಲ್ ಗಾಳಿಯ ತೇವ ಹೀರುತ್ತದೆ. ಧಾರವಾಡದ ಜುಲೈ ಮಳೆಯಲ್ಲಿ ಬಟ್ಟೆಯನ್ನು ಹೊರಗಿಟ್ಟರೆ ತೂಕವೂ ಬದಲಾಗುತ್ತದೆ, ದ್ರಾವಣವೂ ತೆಳುವಾಗುತ್ತದೆ. ಜಿಪ್ ಕವರ್‌ನಲ್ಲಿ ಮುಚ್ಚಿಡಿ, ಪರೀಕ್ಷೆಗೆ ತೆಗೆದ ತಕ್ಷಣ ಮತ್ತೆ ತೂಗಿ ಬರೆದುಕೊಳ್ಳಿ.