ಎಜ್ಡಿ ಟ್ಯಾಂಕಿನ ಮೇಲೆ ಗುಳ್ಳೆ

ಪ್ರಶ್ನೆ: ಮೈಸೂರಿನಲ್ಲಿ ತಯಾರಾದ ಹಳೆಯ ಎಜ್ಡಿ ರೋಡ್‌ಕಿಂಗ್ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಮಳೆಗಾಲದಲ್ಲಿ ಮನೆಯಲ್ಲೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದೆ. ಬೂದಿ ಬಳಿದಂತೆ ಬೆಳ್ಳಗಾಯಿತು. ಈಗ ತಗ್ಗು ತುಂಬಲು ಪುಟ್ಟಿ ಹಾಕಿ ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿದ ಕಡೆ ಗುಳ್ಳೆ ಎದ್ದಿವೆ, ಮುಚ್ಚಳದ ಸುತ್ತ ಬಣ್ಣ ಕಿತ್ತುಬಂದಿದೆ. ಏನು ಮಾಡಲಿ?

ಉತ್ತರ: ತೇಪೆ ಹಾಕಬೇಡಿ, ಪೂರ್ತಿ ಕೆರೆದುಹಾಕಿ. ತಿನ್ನರ್ ಬೇಗ ಆರುವಾಗ ಲೋಹ ತಣ್ಣಗಾಗಿ ಗಾಳಿಯ ತೇವ ಬಣ್ಣದ ಮೇಲೆ ಕೂರುತ್ತದೆ, ಬಿಳುಪು ಅದರದ್ದೇ. ಗುಳ್ಳೆಗೆ ಬಹುಶಃ ನೀರುಕಾಗದವೇ ಕಾರಣ. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನಂತೆ ನೀರು ಹೀರುತ್ತದೆ, ಅದನ್ನು ಒಣದಾಗಿಯೇ ಉಜ್ಜಬೇಕು.

ಟ್ಯಾಂಕನ್ನು ಖಾಲಿ ಮಾಡಿ, ಪೆಟ್ರೋಲ್ ಆವಿ ಹೋದಮೇಲೆ 80, ನಂತರ 180 ನಂಬರಿನ ಮರಳುಕಾಗದದಲ್ಲಿ ಉಜ್ಜಿ. ತಗ್ಗಿದ್ದಲ್ಲಿ ತೆಳು ಪುಟ್ಟಿ, ಮೇಲೆ ಎಪಾಕ್ಸಿ ಪ್ರೈಮರ್. ಅದು ಪೂರ್ತಿ ಗಟ್ಟಿಯಾದಮೇಲೆ 400, 600ರಲ್ಲಿ ಉಜ್ಜಿ, ಬಣ್ಣದ ಮೂರು ತೆಳು ಕೋಟ್ ಕೊಡಿ, ನಡುವೆ ಹತ್ತು-ಹದಿನೈದು ನಿಮಿಷ ಬಿಟ್ಟು.

ಎನ್‌ಸಿಯನ್ನು ಪೆಟ್ರೋಲ್ ಮೆತ್ತಗಾಗಿಸುತ್ತದೆ. ಹಾಗಾಗಿ ಕೊನೆಗೆ ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು ಕ್ಲಿಯರ್, ಅಂದರೆ ಪಾಲಿಯುರಿಥೇನ್‌ನ ಪಾರದರ್ಶಕ ಲೇಪ, ಎರಡು ಕೋಟ್ ಬೇಕೇಬೇಕು. ಪ್ರಮಾಣ ಡಬ್ಬಿಯ ಮೇಲಿದ್ದಂತೆ, ಕಣ್ಣಂದಾಜು ಬೇಡ. ಮುಚ್ಚಳದ ಕತ್ತಿನ ಅಂಚಿನವರೆಗೂ ಕ್ಲಿಯರ್ ಹೋಗಲಿ, ಪೆಟ್ರೋಲ್ ನುಸುಳುವುದೇ ಅಲ್ಲಿಂದ. ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕ್ ಅದಕ್ಕೆ ಲೆಕ್ಕಕ್ಕಿಲ್ಲ. ಸರಿಯಾದ ಉಸಿರಾಟದ ರಕ್ಷಣೆ ಇಲ್ಲದಿದ್ದರೆ ಆ ಕೋಟನ್ನು ಗ್ಯಾರೇಜಿನ ಪೇಂಟ್ ಬೂತ್‌ನಲ್ಲಿ ಹೊಡೆಸಿ. ವಾರಗಟ್ಟಲೆ ಆರಿದಮೇಲಷ್ಟೇ ಪೆಟ್ರೋಲ್ ತುಂಬಿಸಿ.