ಬರ್ಗೆನ್ನಿನ ಏರಿಗೆ ಕಾರು ಬೇಕೇ?

ಓದಲೆಂದು ನಾರ್ವೆಯ ಬರ್ಗೆನ್ನಿಗೆ ಬರಲಿರುವ ನೀವು, ಬೆಟ್ಟಗಳ ನಡುವೆ ಸಿಕ್ಕಿಕೊಂಡಿರುವ ಈ ಮಳೆಯ ಊರಿನಲ್ಲಿ ಕಾರಿಲ್ಲದೆ ಓಡಾಡಲು ಸಾಧ್ಯವೇ ಎಂದು ಕೇಳಿದ್ದೀರಿ. ಸೋಮವಾರಪೇಟೆಯಿಂದ ಬಂದು ಇಲ್ಲಿಯೇ ನೆಲೆಸಿರುವ ನನ್ನ ಉತ್ತರ ಇಷ್ಟೇ: ಕಾರು ಬೇಡ, ಆದರೆ ಸಿದ್ಧತೆ ಬೇಕು.

ವಿರಾಜಪೇಟೆಯವರಾದ ನಿಮಗೆ ಮಳೆಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಇಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಆದರೆ ಅದು ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಂತೆ ಒಮ್ಮೆಗೇ ಸುರಿದು ಮುಗಿಯದೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲವಾದ್ದರಿಂದ ಮಳೆ ಕೋಟು, ಪ್ಯಾಂಟುಗಳನ್ನು ಇಲ್ಲಿಗೆ ಬಂದ ಮೇಲೆಯೇ ಕೊಳ್ಳಿ.

ನಿಜವಾಗಿ ಗಮನಿಸಬೇಕಾದದ್ದು ಏರನ್ನು ಇಲ್ಲಿಯವರು ನಿಭಾಯಿಸಿರುವ ರೀತಿ. ಲಘು ರೈಲಿಗಾಗಿ ಬೆಟ್ಟ ಕೊರೆದಾಗ ಅದರ ಪಕ್ಕದಲ್ಲಿ ಅಪಾಯಕಾಲಕ್ಕೆ ತಪ್ಪಿಸಿಕೊಳ್ಳುವ ಇನ್ನೊಂದು ಸುರಂಗ ಬೇಕಾಗಿತ್ತು. ಅದನ್ನೇ ನಡೆಯುವವರಿಗೂ ಸೈಕಲ್ ಸವಾರರಿಗೂ ಒದಗುವಂತೆ ನಿರ್ಮಿಸಿ 2023ರ ಏಪ್ರಿಲ್‌ನಲ್ಲಿ ತೆರೆದರು. ಸುಮಾರು 2.9 ಕಿಲೋಮೀಟರ್ ಉದ್ದದ ಈ ಫಿಲ್ಲಿಂಗ್ಸ್‌ಡಾಲೆನ್ ಸುರಂಗದಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ನಡೆಯುವವರಿಗೆ ಬೇರೆಯೇ ಪಥವಿದೆ, ಹೊರಗೆ ಎಂಥ ಹವಾಮಾನವಿದ್ದರೂ ಒಳಗೆ ಸುಮಾರು 7 ಡಿಗ್ರಿ ಇರುತ್ತದೆ, ಮತ್ತು ಎಷ್ಟು ದೂರ ಬಂದೆವೆಂಬುದು ತಿಳಿಯಲೆಂದು ಅಲ್ಲಲ್ಲಿ ದೀಪಗಳ ಬಣ್ಣ ಬದಲಾಗುತ್ತದೆ. ಬೆಟ್ಟ ಸುತ್ತಿ ಹೋಗಬೇಕಿದ್ದವರು ಈಗ ಸೈಕಲ್ಲಿನಲ್ಲಿ ಸುಮಾರು ಹತ್ತು ನಿಮಿಷಗಳಲ್ಲಿ ಅತ್ತ ಕಡೆ ತಲುಪುತ್ತಾರೆ. ನಾರ್ವೆಯದೇ ಆದ ಟ್ರಾಂಡ್‌ಹೈಮ್ ನಗರವಂತೂ 1993ರಲ್ಲೇ ಕಡಿದಾದ ಬೀದಿಯೊಂದರಲ್ಲಿ ಸೈಕಲ್ ಲಿಫ್ಟ್ ಅಳವಡಿಸಿತು. ಸವಾರರು ಸೀಟಿನ ಮೇಲೆಯೇ ಕುಳಿತು ಬಲಗಾಲನ್ನು ಒಂದು ಪುಟ್ಟ ಹಲಗೆಗೆ ಆನಿಸಿದರೆ ಅದು ಹಿಂದಿನಿಂದ ತಳ್ಳುತ್ತಾ ಮೇಲಕ್ಕೆ ಒಯ್ಯುತ್ತದೆ. ಜನರಿಗೆ ನಡೆಯಿರಿ, ತುಳಿಯಿರಿ ಎಂದು ಬುದ್ಧಿ ಹೇಳುವುದಕ್ಕಿಂತ ಇಂಥ ಕೆಲಸವೇ ಮೇಲೆಂದು ನನ್ನ ಅಭಿಪ್ರಾಯ. (ಮಡಿಕೇರಿಯಲ್ಲಿ ಮೊದಲು ಒಂದು ನೆಟ್ಟಗಿನ ಕಾಲುದಾರಿ ಸಿಕ್ಕಿದರೂ ಸಾಕಾಗಿತ್ತು.)

ಸುರಂಗವಿಲ್ಲದ ಕಡೆ ವಿದ್ಯುತ್ ಸೈಕಲ್ ಏರನ್ನು ಹಗುರ ಮಾಡುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದವರೆಗೆ ಮೋಟಾರು ನೆರವಾಗುತ್ತದೆ. ಆದರೂ ಬಾಡಿಗೆಗೆ ಕೋಣೆ ಹುಡುಕುವಾಗ ನಕ್ಷೆಯಲ್ಲಿ ದೂರವನ್ನಷ್ಟೇ ನೋಡದೆ ಎತ್ತರವನ್ನೂ ನೋಡಿ. ಮಡಿಕೇರಿಯ ಬಸ್ ನಿಲ್ದಾಣದಿಂದ ರಾಜಾಸೀಟಿಗೆ ನಡೆದು ಹೋದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರಿಗೆ ಹೊಸದೆಂದರೆ ಮಂಜುಗಡ್ಡೆ. ಸಂಜೆ ಬಿದ್ದ ಮಳೆ ರಾತ್ರಿ ಹೆಪ್ಪುಗಟ್ಟಿದರೆ ಬೆಳಗಿನ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಚಳಿ ಶುರುವಾಗುವ ಮೊದಲೇ ಸೈಕಲ್ಲಿಗೆ ಮೊಳೆಗಳಿರುವ ಟೈರು ಹಾಕಿಸಿ, ಬೂಟಿಗೆ ಬಿಗಿಯುವ ಮೊಳೆ ಪಟ್ಟಿಯನ್ನು ಚೀಲದಲ್ಲಿಟ್ಟುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲವಾದ್ದರಿಂದ, ಕಾನೂನಿನಂತೆ ಸೈಕಲ್ಲಿಗೆ ಹಿಂದೆ ಮುಂದೆ ದೀಪ ಇರಲೇಬೇಕು. ನಡೆಯುವಾಗಲೂ ಕೋಟಿನ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ವಿದ್ಯುತ್ ಸೈಕಲ್ ಕೊಂಡರೆ ಬ್ಯಾಟರಿಯನ್ನು ರಾತ್ರಿ ಕೋಣೆಯೊಳಗೆ ತಂದಿಡಿ. ಚಳಿಯಲ್ಲಿ ಹೊರಗೇ ಬಿಟ್ಟರೆ ಅದು ಅಷ್ಟು ದೂರ ಬರುವುದಿಲ್ಲ.